ಎಐ ಏಜೆಂಟ್ ಕೊಟ್ಟ ಲಿಂಕ್ ಸರಿಯಾದ ಸಾಲಿಗೇ ಹೋಗಬೇಕಾದರೆ

ಹೋದ ವರ್ಷ ನಮ್ಮ ತಂಡಕ್ಕೆ ಹೊಸದಾಗಿ ಒಬ್ಬ ಹುಡುಗಿ ಸೇರಿದಳು. ಕಾಲೇಜು ಮುಗಿಸಿ ಬಂದು ಮೊದಲ ಕೆಲಸ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಗೊತ್ತಿತ್ತು, ಆದರೆ ಅದರೊಳಗಿನ ಅಸಿಂಕ್‌ಐಒ ಲೈಬ್ರರಿ (ಹಲವು ಕೆಲಸಗಳನ್ನು ಒಟ್ಟಿಗೆ ನಡೆಸಲು ಬೇಕಾದ ತಯಾರು ಕೋಡ್) ಹೊಸದು. ಹೊಸಬರಿಗೆ ಅಂತ ನಾವೇ ಬರೆದಿಟ್ಟ ಒಂದು ಗೈಡ್ ಇದೆ, ಅದನ್ನು ಓದಲು ಕೊಟ್ಟೆ. ಅದರಲ್ಲಿ 'ಅಸಿಂಕ್‌ಐಒ.ರನ್' ಅನ್ನುವ ಫಂಕ್ಷನ್ ಬಗ್ಗೆ ಎರಡು ಸಾಲು, ಪಕ್ಕದಲ್ಲಿ ಪೈಥಾನ್ ಕೈಪಿಡಿಗೆ ಒಂದು ಲಿಂಕ್. ಅರ್ಧ ಗಂಟೆ ಕಳೆದ ಮೇಲೆ ಬಂದು ಮೆಲ್ಲಗೆ ಹೇಳಿದಳು: "ಪುಟ ಪೂರ್ತಿ ಓದಿದೆ. ಆ ಫಂಕ್ಷನ್ ವಿವರಣೆ ಎಲ್ಲಿದೆ ಅಂತ ಸಿಗ್ಲಿಲ್ಲ. ನನಗೇ ಅರ್ಥ ಆಗ್ತಿಲ್ವೇನೋ."

ಅವಳಿಗೆ ಅರ್ಥವಾಗದ್ದು ಏನೂ ಇರಲಿಲ್ಲ. ಲಿಂಕೇ ತಪ್ಪಾಗಿತ್ತು. ಗೈಡ್‌ನ ಆ ಭಾಗವನ್ನು ನಾನು ಒಂದು ಎಐ ಏಜೆಂಟ್ (ಹೇಳಿದ ಕೆಲಸವನ್ನು ಟೂಲ್‌ಗಳ ಸಹಾಯದಿಂದ ತಾನೇ ಮಾಡುವ ಎಐ ಪ್ರೋಗ್ರಾಂ) ಹತ್ತಿರ ಬರೆಸಿದ್ದೆ. ಲಿಂಕ್ ಕೊಟ್ಟದ್ದೂ ಅದೇ. ನಾನು ಒತ್ತಿ ನೋಡಿದ್ದೆ, ಪೈಥಾನ್‌ನವರದ್ದೇ ಪುಟ ತೆರೆದುಕೊಂಡಿತ್ತು, ವಿಷಯವೂ ಅದೇ ಇತ್ತು. ಸರಿ ಇದೆ ಅಂತ ಮುಂದೆ ಹೋಗಿದ್ದೆ.

ಆ ಹುಡುಗಿ ತನ್ನನ್ನೇ ಅನುಮಾನಿಸಿದ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿ ಇದೆ. ಕಲಿಯುವವರು ಕೈಪಿಡಿಯನ್ನು ನಂಬುತ್ತಾರೆ. ಲಿಂಕ್ ತಪ್ಪು ಕಡೆ ಕರೆದುಕೊಂಡು ಹೋದರೆ ಲಿಂಕ್ ತಪ್ಪು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಇದಾದ ಮೇಲೆ, ಏಜೆಂಟ್‌ಗಳಿಗೆ ಕೈಪಿಡಿಯ ಲಿಂಕ್ ಹುಡುಕಿ ಕೊಡುವ ಟೂಲ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಬುಡದಿಂದ ಅರ್ಥ ಮಾಡಿಕೊಳ್ಳಲು ಕೂತೆ. ತಿಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಲಿಂಕ್‌ನಲ್ಲಿ ಏನಾಗಿತ್ತು ನೋಡೋಣ.

ಕೈಪಿಡಿಯ ಲಿಂಕ್‌ಗೆ ಎರಡು ಭಾಗ ಇರುತ್ತವೆ. ಒಂದು ಪುಟದ ವಿಳಾಸ. ಇನ್ನೊಂದು, ಅದರ ಕೊನೆಯಲ್ಲಿ # ಗುರುತಿನ ನಂತರ ಬರುವ ತುಂಡು. ಇದಕ್ಕೆ ಆಂಕರ್ ಅನ್ನುತ್ತಾರೆ. ಪುಟದ ವಿಳಾಸ ನಿಮ್ಮನ್ನು ಮನೆಯ ಬಾಗಿಲವರೆಗೆ ತಂದು ಬಿಡುತ್ತದೆ, ಆಂಕರ್ ಒಳಗಿನ ಕೋಣೆಗೆ ಕರೆದುಕೊಂಡು ಹೋಗುತ್ತದೆ. ಸಾಫ್ಟ್‌ವೇರ್ ಕೈಪಿಡಿಯ ಪುಟಗಳು ಬಹಳ ಉದ್ದ. ಪೈಥಾನ್‌ನಲ್ಲಿ ಸಂಖ್ಯೆ, ಪಟ್ಟಿ, ಪದ, ಡಿಕ್ಷನರಿ ಎಲ್ಲದರ ವಿವರಣೆಯೂ 'ಎಸ್‌ಟಿಡಿಟೈಪ್ಸ್' ಅನ್ನುವ ಒಂದೇ ಪುಟದಲ್ಲಿದೆ. ಅಂಥ ಕಡೆ ಆಂಕರ್ ಇಲ್ಲದಿದ್ದರೆ ಲಿಂಕ್ ಕೊಟ್ಟೂ ಕೊಡದ ಹಾಗೆ.

ಈಗ ಗಮನಿಸಬೇಕಾದ ಮಾತು. # ಗುರುತು ಮತ್ತು ಅದರ ನಂತರದ ತುಂಡು ಸರ್ವರ್‌ಗೆ ಹೋಗುವುದೇ ಇಲ್ಲ. ಬ್ರೌಸರ್ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಪುಟ ಬಂದ ಮೇಲೆ ಆ ಹೆಸರಿನ ಗುರುತು ಒಳಗೆ ಎಲ್ಲಿದೆ ಅಂತ ತಾನೇ ಹುಡುಕುತ್ತದೆ. ಸಿಕ್ಕಿದರೆ ಅಲ್ಲಿಗೆ ಜಾರುತ್ತದೆ. ಸಿಗದಿದ್ದರೆ? ಸುಮ್ನೆ ಪುಟದ ತಲೆಯಲ್ಲೇ ನಿಲ್ಲುತ್ತದೆ. ತಪ್ಪಾಗಿದೆ ಅಂತ ಒಂದು ಸೂಚನೆಯೂ ಬರುವುದಿಲ್ಲ. ಪುಟವೇ ಇಲ್ಲದಿದ್ದರೆ 404 ಅಂತ ದೊಡ್ಡದಾಗಿ ಕಾಣುತ್ತದೆ, ಆಗ ಯಾರಿಗಾದರೂ ಗೊತ್ತಾಗುತ್ತದೆ. ಆಂಕರ್ ತಪ್ಪಿದರೆ ಸರ್ವರ್ 200 ಅಂತಲೇ ಉತ್ತರ ಕೊಡುತ್ತದೆ. ಅಂದರೆ 'ಎಲ್ಲ ಸರಿ' ಅಂತ. ಲಿಂಕ್ ತಪಾಸಣೆ ಮಾಡುವ ಎಷ್ಟೋ ಪ್ರೋಗ್ರಾಂಗಳು ಆ 200 ನೋಡಿ ಪಾಸ್ ಮಾಡಿಬಿಡುತ್ತವೆ. ನಾನೂ ಕಣ್ಣಲ್ಲಿ ಅಷ್ಟೇ ನೋಡಿದ್ದೆ.

ನಮ್ಮ ಗೈಡ್‌ನ ಕಥೆ ಹೀಗಿತ್ತು. 'ಅಸಿಂಕ್‌ಐಒ.ರನ್' ಬಂದದ್ದು 2018ರ ಪೈಥಾನ್ 3.7ರಲ್ಲಿ. ಆಗ ಅದರ ವಿವರಣೆ 'ಅಸಿಂಕ್‌ಐಒ-ಟಾಸ್ಕ್' ಅನ್ನುವ ಪುಟದಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ 3.11 ಬಂತು. ಅದರ ಜೊತೆ 'ರನ್ನರ್' ಅನ್ನುವ ಹೊಸ ಕ್ಲಾಸ್ ಬಂತು, ಅದಕ್ಕಾಗಿ 'ಅಸಿಂಕ್‌ಐಒ-ರನ್ನರ್' ಅಂತ ಬೇರೆ ಪುಟ ಮಾಡಿದರು. 'ರನ್' ಫಂಕ್ಷನ್‌ನ ವಿವರಣೆಯನ್ನೂ ಅಲ್ಲಿಗೆ ಎತ್ತಿಕೊಂಡು ಹೋದರು. ಹಳೆಯ ಪುಟ ಹಾಗೇ ಇದೆ, ಅಲ್ಲಿ ಆ ಫಂಕ್ಷನ್‌ನ ಹೆಸರೂ ಅಲ್ಲಲ್ಲಿ ಬರುತ್ತದೆ. ವಿವರಣೆ ಮಾತ್ರ ಇಲ್ಲ. ಏಜೆಂಟ್ ಹಳೆಯ ಪುಟದ ವಿಳಾಸವನ್ನೇ ಕೊಟ್ಟಿತ್ತು. ಆ ಹುಡುಗಿ ಅರ್ಧ ಗಂಟೆ ಹುಡುಕಿದ್ದು ಖಾಲಿ ಮಾಡಿದ ಮನೆಯಲ್ಲಿ.

ಮಾದರಿ ಯಾಕೆ ಊಹಿಸುತ್ತದೆ

ಏಜೆಂಟ್ ಒಳಗೆ ಕೂತು ಬರೆಯುವ ಭಾಷಾ ಮಾದರಿ ಲಿಂಕನ್ನು ಎಲ್ಲಿಂದಲೋ ತೆಗೆದು ಕೊಡುತ್ತದೆ ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಅದು ಲಿಂಕನ್ನೂ ಬೇರೆ ವಾಕ್ಯಗಳ ಹಾಗೆಯೇ ಬರೆಯುತ್ತದೆ, ತುಂಡು ತುಂಡಾಗಿ, ಮುಂದೆ ಯಾವ ತುಂಡು ಬರುವ ಸಾಧ್ಯತೆ ಜಾಸ್ತಿ ಅಂತ ನೋಡಿಕೊಂಡು. ಕೈಪಿಡಿಯ ವಿಳಾಸಗಳಿಗೆ ಒಂದು ವರಸೆ ಇರುತ್ತದೆ. ಲೈಬ್ರರಿ, ಆಮೇಲೆ ಮಾಡ್ಯೂಲ್ ಹೆಸರು, ಆಮೇಲೆ #, ಆಮೇಲೆ ಫಂಕ್ಷನ್ ಹೆಸರು. 'ಜೇಸನ್.ಡಂಪ್ಸ್' ಅನ್ನುವ ಫಂಕ್ಷನ್‌ನ ಲಿಂಕ್ ಕೇಳಿದರೆ ಜೇಸನ್ ಪುಟ, ಜೇಸನ್.ಡಂಪ್ಸ್ ಆಂಕರ್. ಈ ವರಸೆಯಲ್ಲಿ ಬರೆದರೆ ಹೆಚ್ಚಿನ ಸಲ ಸರಿಯೇ ಆಗುತ್ತದೆ. ಅಪಾಯ ಇರುವುದೂ ಅಲ್ಲೇ. ಹತ್ತಕ್ಕೆ ಎಂಟು ಸಲ ಸರಿ ಬಂದದ್ದನ್ನು ಯಾರೂ ಒಂಬತ್ತನೇ ಸಲ ಪರೀಕ್ಷೆ ಮಾಡುವುದಿಲ್ಲ.

ಇನ್ನೊಂದು ಕಾರಣ, ಮಾದರಿ ಕಲಿತದ್ದು ಒಂದು ತಾರೀಖಿನವರೆಗೆ ಇದ್ದ ಬರಹದಿಂದ. ಅಷ್ಟರೊಳಗೂ ಹಳೆಯ ಲಿಂಕ್‌ಗಳೇ ಜಾಸ್ತಿ, ಯಾಕೆಂದರೆ ಅವು ವರ್ಷಗಟ್ಟಲೆ ನೂರಾರು ಕಡೆ ನಕಲಾಗಿವೆ. ಕೈಪಿಡಿ ಬದಲಾದ ಸುದ್ದಿ ಅದರ ನೆನಪಿಗೆ ತಡವಾಗಿ ತಲುಪುತ್ತದೆ, ಇಲ್ಲವೇ ತಲುಪುವುದೇ ಇಲ್ಲ.

ವೆಬ್‌ನಲ್ಲಿ ಹುಡುಕಲು ಹೇಳಿದರೆ ಸಾಲದೇ? ಸ್ವಲ್ಪ ಸಹಾಯ ಆಗುತ್ತದೆ. ಆದರೆ ಹುಡುಕಾಟ ಸಾಮಾನ್ಯವಾಗಿ ಪುಟದವರೆಗೆ ಮಾತ್ರ ತಂದು ಬಿಡುತ್ತದೆ, ಎಷ್ಟೋ ಸಲ ಹಳೆಯ ವರ್ಷನ್‌ನ ಪುಟಕ್ಕೆ. ಅಲ್ಲಿಂದ ಮುಂದೆ ಏಜೆಂಟ್ ಆ ಉದ್ದ ಪುಟವನ್ನು ಪೂರ್ತಿ ಓದಬೇಕು. ಅದು ಓದುವ ಪ್ರತಿ ತುಂಡಿಗೂ ಖರ್ಚಿದೆ, ಒಮ್ಮೆಗೆ ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಮಿತಿ ಇದೆ. ಒಂದು ವಿಳಾಸಕ್ಕಾಗಿ ಇಡೀ ಪುಸ್ತಕ ಹೊತ್ತು ತಂದ ಹಾಗಾಗುತ್ತದೆ.

ಪುಸ್ತಕದ ಹಿಂದಿನ ಪಟ್ಟಿ

ದಪ್ಪ ಪುಸ್ತಕದಲ್ಲಿ ಒಂದು ಪದ ಹುಡುಕಬೇಕಾದರೆ ನಾವು ಏನು ಮಾಡುತ್ತೇವೆ? ಕೊನೆಯ ಪುಟಗಳಿಗೆ ಹೋಗಿ ಅಕಾರಾದಿ ಪಟ್ಟಿ ನೋಡುತ್ತೇವೆ, ಅಲ್ವಾ? ಸಾಫ್ಟ್‌ವೇರ್ ಕೈಪಿಡಿಗಳಿಗೂ ಅಂಥ ಪಟ್ಟಿ ಇದೆ. ಎಷ್ಟೋ ಡೆವಲಪರ್‌ಗಳಿಗೂ ಇದರ ಸುದ್ದಿ ಗೊತ್ತಿಲ್ಲ.

ಇದರ ಹಿಂದಿನ ಯೋಚನೆ ಹಳೆಯದು. ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್‌ನಲ್ಲಿ. ಅದರ ಪರಂಪರೆಯ 'ಮ್ಯಾನ್' ಪುಟಗಳಲ್ಲಿ ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಅಂಕೆ ಇರುತ್ತದೆ. 'ಪ್ರಿಂಟ್‌ಎಫ್' 1 ಅಂದರೆ ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಕಮಾಂಡ್, 'ಪ್ರಿಂಟ್‌ಎಫ್' 3 ಅಂದರೆ ಸಿ ಭಾಷೆಯ ಫಂಕ್ಷನ್. ಹೆಸರು ಒಂದೇ, ಜಾತಿ ಬೇರೆ ಅಂತ ಆ ಅಂಕೆ ಹೇಳುತ್ತದೆ. ಹೆಸರು ಸರಿಯಾಗಿ ನೆನಪಿಲ್ಲದವರಿಗೆ 'ಆಪ್ರೊಪೊ' ಅನ್ನುವ ಕಮಾಂಡ್ ಪುಟಗಳ ಹೆಸರು ಮತ್ತು ಒಂದು ಸಾಲಿನ ವಿವರಣೆಯಲ್ಲಿ ಹುಡುಕಿ ಕೊಡುತ್ತದೆ. ಹೆಸರು, ಜಾತಿ, ಜಾಗ. ಈ ಮೂರನ್ನು ಒಟ್ಟಿಗೆ ಇಟ್ಟ ಪಟ್ಟಿ ಇದ್ದರೆ ಸಾಕು.

ಪೈಥಾನ್ ಲೋಕದಲ್ಲಿ ಈ ಕೆಲಸ ಮಾಡುವುದು ಸ್ಫಿಂಕ್ಸ್. ಗೇಯಾರ್ಗ್ ಬ್ರಾಂಡ್ಲ್ ಅನ್ನುವವರು ಪೈಥಾನ್ ಕೈಪಿಡಿಗಾಗಿಯೇ ಬರೆದ ಈ ಟೂಲ್ 2008ರಲ್ಲಿ ಹೊರಬಂತು. ಇವತ್ತು ಲಿನಕ್ಸ್ ಕರ್ನೆಲ್, ನಂಪೈ, ಜಾಂಗೊ, ಎಲ್‌ಎಲ್‌ವಿಎಂ ಇಂಥ ದೊಡ್ಡ ಸಾಫ್ಟ್‌ವೇರ್‌ಗಳ ಕೈಪಿಡಿಯೂ ಸ್ಫಿಂಕ್ಸ್‌ನಲ್ಲೇ ತಯಾರಾಗುತ್ತದೆ. ಸ್ಫಿಂಕ್ಸ್ ಒಂದು ಕೈಪಿಡಿಯನ್ನು ವೆಬ್ ಪುಟಗಳಾಗಿ ಮಾಡುವಾಗ ಜೊತೆಗೆ ಒಂದು ಸಣ್ಣ ಫೈಲನ್ನೂ ಇಟ್ಟು ಹೋಗುತ್ತದೆ. ಹೆಸರು 'ಆಬ್ಜೆಕ್ಟ್ಸ್.ಇನ್ವ್'. 'ಇನ್ವ್' ಅಂದರೆ ಇನ್ವೆಂಟರಿ, ಇರುವುದೆಲ್ಲದರ ಪಟ್ಟಿ. ಕೈಪಿಡಿಯ ಬೇರಿನ ವಿಳಾಸದ, ಅಂದರೆ ಮುಖಪುಟದ ವಿಳಾಸದ ಮುಂದೆ ಈ ಹೆಸರು ಸೇರಿಸಿದರೆ ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು.

ಇದನ್ನು ಮಾಡಿದ್ದು ಎಐಗಾಗಿ ಅಲ್ಲ. ಒಂದು ಕೈಪಿಡಿ ಇನ್ನೊಂದು ಕೈಪಿಡಿಗೆ ಲಿಂಕ್ ಕೊಡಬೇಕಾದಾಗ ವಿಳಾಸವನ್ನು ಕೈಯಲ್ಲಿ ಬರೆಯದೆ, ಹೆಸರು ಹೇಳಿದರೆ ಸಾಕು ಅನ್ನುವ ಹಾಗೆ ಮಾಡಲು. ನಂಪೈ ಕೈಪಿಡಿ ಬರೆಯುವವರು ಪೈಥಾನ್‌ನ 'ಓಪನ್' ಫಂಕ್ಷನ್ ಅಂತ ಗುರುತು ಹಾಕಿದರೆ, ಸ್ಫಿಂಕ್ಸ್ ಪೈಥಾನ್‌ನ ಇನ್ವೆಂಟರಿ ನೋಡಿ ಸರಿಯಾದ ಲಿಂಕ್ ತುಂಬುತ್ತದೆ. ಈ ಏರ್ಪಾಟಿಗೆ ಇಂಟರ್‌ಸ್ಫಿಂಕ್ಸ್ ಅಂತ ಹೆಸರು, 2008ರಲ್ಲೇ ಬಂದದ್ದು. ಅಷ್ಟು ಹಿಂದೆ ಕೈಪಿಡಿ ಬರೆಯುವವರು ಒಬ್ಬರಿಗೊಬ್ಬರು ಮಾಡಿಕೊಂಡ ಉಪಕಾರ ಇವತ್ತು ಏಜೆಂಟ್‌ಗಳ ಕೈಗೆ ಸಿಕ್ಕಿದೆ. ನನಗೆ ಇದು ತುಂಬ ಇಷ್ಟವಾದ ವಿಷಯ.

ಆ ಫೈಲ್ ಒಳಗೆ ಏನಿದೆ ಅಂತ ಹತ್ತಿರದಿಂದ ನೋಡೋಣ. ಮೊದಲ ನಾಲ್ಕು ಸಾಲು ಸಾದಾ ಬರಹ. ಇದು ಸ್ಫಿಂಕ್ಸ್ ಇನ್ವೆಂಟರಿ ವರ್ಷನ್ 2, ಪ್ರಾಜೆಕ್ಟ್ ಹೆಸರು ಇದು, ಅದರ ವರ್ಷನ್ ಇದು, ಉಳಿದದ್ದನ್ನು ಝಡ್‌ಲಿಬ್ ಅನ್ನುವ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿ ಇಟ್ಟಿದೆ. ಅಷ್ಟೇ. ಅಲ್ಲಿಂದ ಮುಂದೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಬಿಚ್ಚಿದರೆ ಸಾಲು ಸಾಲಾಗಿ ಹೆಸರುಗಳು, ಪೈಥಾನ್ ಕೈಪಿಡಿಯಲ್ಲಿ ಸಾವಿರಾರು. ಒಂದು ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗಿರುತ್ತದೆ:

ಎಸ್‌ಟಿಆರ್.ಜಾಯಿನ್ ಪಿವೈ:ಮೆಥಡ್ 1 ಲೈಬ್ರರಿ/ಎಸ್‌ಟಿಡಿಟೈಪ್ಸ್.ಎಚ್‌ಟಿಎಂಎಲ್#$ -

ಐದು ತುಂಡು. ಮೊದಲನೆಯದು ಹೆಸರು. ಎರಡನೆಯದು ಜಾತಿ, ಇಲ್ಲಿ ಪೈಥಾನ್‌ನ ಮೆಥಡ್. ಫಂಕ್ಷನ್, ಕ್ಲಾಸ್, ಮಾಡ್ಯೂಲ್, ಪುಟದ ಲೇಬಲ್, ಪಾರಿಭಾಷಿಕ ಪದ ಅಂತ ಬೇರೆ ಬೇರೆ ಜಾತಿಗಳು ಇರುತ್ತವೆ. ಮೂರನೆಯದು ಒಂದು ಅಂಕೆ, ಹುಡುಕಾಟದಲ್ಲಿ ಇದು ಎಷ್ಟು ಮೇಲೆ ಬರಬೇಕು ಅಂತ ಹೇಳುವುದಕ್ಕೆ. ನಾಲ್ಕನೆಯದು ವಿಳಾಸ. ಅದರ ಕೊನೆಯ ಡಾಲರ್ ಗುರುತಿನ ಅರ್ಥ, 'ಮೊದಲು ಬರೆದ ಹೆಸರನ್ನೇ ಇಲ್ಲಿ ಹಾಕಿಕೊಳ್ಳಿ'. ಒಂದೇ ಹೆಸರನ್ನು ಎರಡು ಸಲ ಬರೆದು ಜಾಗ ಹಾಳು ಮಾಡುವುದು ಬೇಡ ಅಂತ. ಐದನೆಯದು, ಓದುಗರಿಗೆ ತೋರಿಸಬೇಕಾದ ಹೆಸರು. ಇಲ್ಲಿ ಬರೀ ಒಂದು ಸಣ್ಣ ಗೆರೆ ಇದೆ, ಅಂದರೆ ಅದೂ ಮೊದಲ ಹೆಸರೇ. ಈ ಐದನೇ ಜಾಗವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಇದನ್ನು ಓದುವ ಪ್ರೋಗ್ರಾಂ ಬರೆಯಲು ಹೊರಟವರಿಗೆ ಒಂದು ಮಾತು. ಸಾಲನ್ನು ಖಾಲಿ ಜಾಗ ಬಂದ ಕಡೆಯೆಲ್ಲ ಕತ್ತರಿಸಿದರೆ ಮೊದಲ ನೂರು ಸಾಲು ಸರಿ ಬರುತ್ತವೆ, ಆಮೇಲೆ ಕೆಡುತ್ತದೆ. ಕೆಲವು ಹೆಸರುಗಳ ಒಳಗೇ ಖಾಲಿ ಜಾಗ ಇರುತ್ತದೆ. ಸ್ಫಿಂಕ್ಸ್ ಇದಕ್ಕಾಗಿಯೇ ಒಂದು ಪ್ಯಾಟರ್ನ್ ಇಟ್ಟುಕೊಂಡಿದೆ, ಅದನ್ನೇ ಬಳಸುವುದು ಒಳ್ಳೆಯದು. ಬರೆಯುವುದೇ ಬೇಡ ಅನ್ನುವವರಿಗೆ 'ಸ್ಫಾಬ್‌ಇನ್ವ್' ಅನ್ನುವ ತಯಾರು ಲೈಬ್ರರಿಯೂ ಇದೆ.

ಟೂಲ್ ಏನು ಮಾಡಬೇಕು

ಪಟ್ಟಿ ಇದೆ, ಏಜೆಂಟ್ ಇದೆ. ನಡುವೆ ಬೇಕಾದದ್ದು ಒಂದು ಸಣ್ಣ ಟೂಲ್. ಏಜೆಂಟ್‌ಗೂ ಟೂಲ್‌ಗೂ ಮಾತುಕತೆ ಆಗಲು ಈಗ ಎಲ್ಲರೂ ಬಳಸುವ ಒಂದು ಪದ್ಧತಿ ಇದೆ, ಎಂಸಿಪಿ ಅಂತ. ಪೂರ್ತಿ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. ಆಂತ್ರೋಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಇದನ್ನು ಎಲ್ಲರಿಗೂ ತೆರೆದಿಟ್ಟಿತು. ಏಜೆಂಟ್ ಮೊದಲು 'ನಿನ್ನ ಹತ್ತಿರ ಯಾವ ಯಾವ ಟೂಲ್ ಇವೆ' ಅಂತ ಕೇಳುತ್ತದೆ. ಟೂಲ್ ತನ್ನ ಹೆಸರು, ತಾನು ಮಾಡುವ ಕೆಲಸದ ವಿವರಣೆ, ತನಗೆ ಬೇಕಾದ ಮಾಹಿತಿ ಇಷ್ಟನ್ನು ಹೇಳುತ್ತದೆ. ಆಮೇಲೆ ಬೇಕಾದಾಗ ಏಜೆಂಟ್ ಅದನ್ನು ಕರೆಯುತ್ತದೆ.

ಆ ವಿವರಣೆಯನ್ನು ಸಾದಾ ಮಾತಿನಲ್ಲಿ ಬರೆಯುತ್ತೇವೆ, ಮಾದರಿ ಅದನ್ನು ಓದಿಯೇ ಯಾವಾಗ ಕರೆಯಬೇಕು ಅಂತ ತೀರ್ಮಾನ ಮಾಡುತ್ತದೆ. 'ಲಿಂಕ್ ಹುಡುಕುತ್ತದೆ' ಅಂತ ಬರೆದು ಬಿಟ್ಟರೆ, ತನಗೆ ಗೊತ್ತಿದೆ ಅನ್ನಿಸಿದಾಗೆಲ್ಲ ಮಾದರಿ ಟೂಲನ್ನು ಕರೆಯದೆ ತಾನೇ ಬರೆದುಬಿಡುತ್ತದೆ. ನಾವು ಅದನ್ನು 'ಕೈಪಿಡಿಯ ಯಾವ ಲಿಂಕ್ ಬರೆಯುವ ಮೊದಲೂ ಇದನ್ನು ಕರೆಯಬೇಕು, ವಿಳಾಸ ಗೊತ್ತಿದೆ ಅನ್ನಿಸಿದರೂ ಸಹ' ಅಂತ ಬದಲಾಯಿಸಿದೆವು. ಅದಾದ ಮೇಲೆ ತಾನೇ ಬರೆದುಬಿಡುವುದು ಬಹಳ ಕಡಿಮೆಯಾಯಿತು.

ಇನ್ನು ಹುಡುಕಾಟ. ಏಜೆಂಟ್ ಬರೀ 'ಜಾಯಿನ್' ಅಂತ ಕೇಳಿತು ಅಂದುಕೊಳ್ಳಿ. ಪೈಥಾನ್‌ನಲ್ಲಿ ಎಷ್ಟು ಜಾಯಿನ್ ಇವೆ ಗೊತ್ತಾ? ಪದಗಳನ್ನು ಸೇರಿಸುವ ಎಸ್‌ಟಿಆರ್.ಜಾಯಿನ್. ಫೈಲ್ ದಾರಿಗಳನ್ನು ಸೇರಿಸುವ ಓಎಸ್.ಪಾತ್.ಜಾಯಿನ್. ಶೆಲ್ ಕಮಾಂಡ್ ಕಟ್ಟುವ ಶ್ಲೆಕ್ಸ್.ಜಾಯಿನ್. ಥ್ರೆಡ್ ಮುಗಿಯುವವರೆಗೆ ಕಾಯುವ ಜಾಯಿನ್ ಒಂದು, ಪ್ರೋಸೆಸ್ ಮುಗಿಯುವವರೆಗೆ ಕಾಯುವ ಜಾಯಿನ್ ಇನ್ನೊಂದು, ಕ್ಯೂ ಖಾಲಿಯಾಗುವವರೆಗೆ ಕಾಯುವುದು ಮತ್ತೊಂದು. ಹೆಸರು ಒಂದೇ, ಕೆಲಸ ಪೂರ್ತಿ ಬೇರೆ. ಟೂಲ್ ಇದರಲ್ಲಿ ಒಂದನ್ನು ತಾನೇ ಆರಿಸಿ ಕೊಟ್ಟರೆ ತಪ್ಪಾಗುತ್ತದೆ. ಎಲ್ಲವನ್ನೂ ಜಾತಿ ಸಮೇತ ಮುಂದಿಡಬೇಕು. ಆರಿಸುವುದು ಏಜೆಂಟ್‌ನ ಕೆಲಸ, ಯಾಕೆಂದರೆ ಬಳಸುವವರು ಏನು ಮಾಡಲು ಹೊರಟಿದ್ದಾರೆ ಅಂತ ಗೊತ್ತಿರುವುದು ಅದಕ್ಕೆ.

ಅಕ್ಷರ ತಪ್ಪಿ ಕೇಳಿದರೆ? ಎರಡು ಪದಗಳ ನಡುವೆ ಎಷ್ಟು ಅಕ್ಷರ ಬದಲಾಯಿಸಿದರೆ ಒಂದು ಇನ್ನೊಂದಾಗುತ್ತದೆ ಅಂತ ಎಣಿಸುವ ಒಂದು ಹಳೆಯ ಲೆಕ್ಕ ಇದೆ. ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು. ಅದನ್ನು ಬಳಸಿ ಹತ್ತಿರದ ಹೆಸರುಗಳನ್ನು ತೋರಿಸಬಹುದು. ಆದರೆ ಇಲ್ಲಿ ತುಂಬ ಎಚ್ಚರ ಬೇಕು. 'ಜೇಸನ್.ಡಂಪ್' ಮತ್ತು 'ಜೇಸನ್.ಡಂಪ್ಸ್', ಇಂಗ್ಲಿಷ್‌ನಲ್ಲಿ ಬರೆದರೆ ಒಂದೇ ಅಕ್ಷರದ ವ್ಯತ್ಯಾಸ. ಎರಡೂ ನಿಜವಾದ ಫಂಕ್ಷನ್‌ಗಳು. ಒಂದು ಫೈಲಿಗೆ ಬರೆಯುತ್ತದೆ, ಇನ್ನೊಂದು ಪಠ್ಯವನ್ನು ವಾಪಸ್ ಕೊಡುತ್ತದೆ. ಹೀಗಾಗಿ ಮೊದಲು ಪೂರ್ತಿ ಹೊಂದುವ ಹೆಸರು ಇದೆಯಾ ನೋಡಬೇಕು. ಇದ್ದರೆ ಅದನ್ನು ಮಾತ್ರ ಕೊಡಬೇಕು. ಇಲ್ಲದಿದ್ದರೆ ಮಾತ್ರ ಹತ್ತಿರದವು, ಅದೂ 'ಇವು ಹತ್ತಿರದ ಹೆಸರುಗಳು, ಕೇಳಿದ್ದು ಸಿಗಲಿಲ್ಲ' ಅಂತ ಸ್ಪಷ್ಟವಾಗಿ ಬರೆದು.

ಹಾಗೇ 'ಇಲ್ಲ' ಅನ್ನುವ ಉತ್ತರ. ನನ್ನ ಮಟ್ಟಿಗೆ ಈ ಟೂಲ್‌ನ ಪ್ರಾಣವೇ ಇದು. ಟೂಲ್ ಯಾವತ್ತೂ ವಿಳಾಸವನ್ನು ತಾನೇ ಕಟ್ಟಬಾರದು. ಪಟ್ಟಿಯಲ್ಲಿ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲ ಅನ್ನಬೇಕು. ಒಂದು ಉದಾಹರಣೆ. ಪದವನ್ನು ತಿರುಗುಮುರುಗು ಮಾಡಲು 'ಎಸ್‌ಟಿಆರ್.ರಿವರ್ಸ್' ಇದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮಾದರಿಯೂ ಕೆಲವೊಮ್ಮೆ ಹಾಗೇ ಕೋಡ್ ಬರೆಯುತ್ತದೆ. ಪೈಥಾನ್‌ನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಲಿಂಕ್ ಹುಡುಕಲು ಹೋದಾಗ ಟೂಲ್ 'ಇಲ್ಲ, ಹತ್ತಿರದ್ದು ರಿವರ್ಸ್‌ಡ್ ಅನ್ನುವ ಫಂಕ್ಷನ್' ಅಂತ ಹೇಳಿದರೆ, ಏಜೆಂಟ್ ಹಿಂದಕ್ಕೆ ಹೋಗಿ ಕೋಡನ್ನೇ ತಿದ್ದುತ್ತದೆ. ಲಿಂಕ್‌ಗಾಗಿ ಮಾಡಿದ ಟೂಲ್ ಕೋಡ್‌ನ ತಪ್ಪನ್ನೂ ಹಿಡಿದ ಹಾಗಾಯಿತು. ಇದು ನಮಗೆ ಮೊದಲು ಹೊಳೆದಿರಲಿಲ್ಲ. ಬಳಸುತ್ತಾ ಬಳಸುತ್ತಾ ಕಂಡದ್ದು.

ಉತ್ತರ ಚಿಕ್ಕದಾಗಿರಬೇಕು. ಹೆಸರು, ಜಾತಿ, ಪೂರ್ತಿ ವಿಳಾಸ, ಯಾವ ವರ್ಷನ್‌ನ ಪಟ್ಟಿ. ನಾಲ್ಕು ಸಂಗತಿ ಸಾಕು. ಆಮೇಲೆ ಏಜೆಂಟ್‌ಗೆ ವಿವರಣೆ ಓದಬೇಕಿದ್ದರೆ, ಆ ಆಂಕರ್ ಇರುವ ಭಾಗವನ್ನು ಮಾತ್ರ ಕತ್ತರಿಸಿ ತಂದು ಕೊಡಬಹುದು. ಹಾಗೆ ತರುವಾಗ ಆಂಕರ್ ಪುಟದಲ್ಲಿ ನಿಜವಾಗಿ ಇದೆಯಾ ಅಂತ ಪರೀಕ್ಷೆಯೂ ಆಗಿಹೋಗುತ್ತದೆ. ಸರ್ವರ್‌ನ 200 ಹೇಳದ ಸತ್ಯ ಇಲ್ಲಿ ಗೊತ್ತಾಗುತ್ತದೆ. ಪಟ್ಟಿಯನ್ನು ಪ್ರತಿ ಸಲ ಇಳಿಸುವುದೂ ಬೇಡ. ಒಮ್ಮೆ ಇಟ್ಟುಕೊಂಡು, 'ಇದಾದ ಮೇಲೆ ಬದಲಾಗಿದೆಯಾ' ಅಂತ ಸರ್ವರನ್ನು ಕೇಳಿದರೆ ಸಾಕು. ಬದಲಾಗಿಲ್ಲದಿದ್ದರೆ 304 ಅಂತ ಒಂದು ಪುಟ್ಟ ಉತ್ತರ ಬರುತ್ತದೆ.

ವರ್ಷನ್ ವಿಷಯದಲ್ಲಿ ಒಂದು ಗೊಂದಲವನ್ನು ಹೇಳಲೇಬೇಕು. ಪೈಥಾನ್ ಕೈಪಿಡಿಯ ವಿಳಾಸದಲ್ಲಿ ಬರೀ 3 ಅಂತ ಇದ್ದರೆ ಅದು ಈಗಿನ ಬಿಡುಗಡೆಗೆ ಹೋಗುತ್ತದೆ, 3.10 ಅಂತ ಇದ್ದರೆ ಆ ವರ್ಷನ್‌ಗೇ ಹೋಗುತ್ತದೆ. ನೀವು ಕೆಲಸ ಮಾಡುವ ಕಡೆ ಇನ್ನೂ 3.10 ಇದ್ದರೆ, ಹೊಸ ಪುಟ ತೋರಿಸುವ ಲಿಂಕ್ ದಾರಿ ತಪ್ಪಿಸಬಹುದು. ರೀಡ್ ದ ಡಾಕ್ಸ್ ಅನ್ನುವ ತಾಣದಲ್ಲಿ ಸಾವಿರಾರು ಕೈಪಿಡಿಗಳಿವೆ. ಅಲ್ಲಿ 'ಲೇಟೆಸ್ಟ್' ಮತ್ತು 'ಸ್ಟೇಬಲ್' ಅಂತ ಎರಡು ದಾರಿ ಕಾಣುತ್ತವೆ. ಲೇಟೆಸ್ಟ್ ಅಂದರೆ ಹೊಸ ಬಿಡುಗಡೆ ಅಂತ ಜನ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಇನ್ನೂ ಬಿಡುಗಡೆಯಾಗದೆ ತಯಾರಾಗುತ್ತಿರುವ ಕೋಡ್‌ನ ಕೈಪಿಡಿ. ಬಿಡುಗಡೆಯಾದದ್ದು ಬೇಕಾದರೆ ಸ್ಟೇಬಲ್. ಹಾಗಾಗಿ ಟೂಲ್ ಕೆಲಸ ಶುರು ಮಾಡುವ ಮೊದಲು ಪ್ರಾಜೆಕ್ಟ್‌ನ ಫೈಲ್‌ಗಳಲ್ಲಿ ಯಾವ ಲೈಬ್ರರಿಯ ಯಾವ ವರ್ಷನ್ ಬರೆದಿದೆ ಅಂತ ನೋಡಿ, ಅದೇ ವರ್ಷನ್‌ನ ಇನ್ವೆಂಟರಿ ತರಬೇಕು.

ಪಟ್ಟಿ ಇಲ್ಲದ ಕಡೆ

ಎಲ್ಲ ಕೈಪಿಡಿಗಳೂ ಸ್ಫಿಂಕ್ಸ್‌ನಲ್ಲಿ ಇರುವುದಿಲ್ಲ. ಕೈಪಿಡಿ ಮಾಡುವ ಇನ್ನೊಂದು ಟೂಲ್ ಆದ ಎಂಕೆಡಾಕ್ಸ್ ಬಳಸುವವರು 'ಎಂಕೆಡಾಕ್‌ಸ್ಟ್ರಿಂಗ್ಸ್' ಪ್ಲಗಿನ್ ಹಾಕಿಕೊಂಡರೆ ಅದೇ ಆಬ್ಜೆಕ್ಟ್ಸ್.ಇನ್ವ್ ಸಿಗುತ್ತದೆ. ಜಾವಾದ ಕೈಪಿಡಿ ಟೂಲ್ ಆದ ಜಾವಾಡಾಕ್‌ಗೆ ತನ್ನದೇ ಪಟ್ಟಿಯ ಫೈಲ್ ಇದೆ. ಎಲ್ಲಕ್ಕಿಂತ ಹೊಸದು 'ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ'. ಎಐ ಸಂಶೋಧಕ ಜೆರೆಮಿ ಹೋವರ್ಡ್ 2024ರ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟ ಸಲಹೆ ಇದು. ತಾಣದ ಬೇರಿನಲ್ಲಿ ಮಾರ್ಕ್‌ಡೌನ್ ಅನ್ನುವ ಸರಳ ಬರಹದ ರೂಪದಲ್ಲಿ ಒಂದು ಫೈಲ್ ಇಡಿ, ಅದರಲ್ಲಿ ಈ ತಾಣ ಏನು ಅಂತ ಎರಡು ಮಾತು, ಆಮೇಲೆ ಮುಖ್ಯ ಪುಟಗಳ ಲಿಂಕ್, ಪಕ್ಕದಲ್ಲಿ ಒಂದೊಂದು ಸಾಲಿನ ವಿವರಣೆ ಬರೆಯಿರಿ ಅಂತ.

ಎರಡಕ್ಕೂ ವ್ಯತ್ಯಾಸ ಇದೆ. ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ ಪುಸ್ತಕದ ಮುಂದಿನ ಪರಿವಿಡಿ ಇದ್ದ ಹಾಗೆ. ಆಬ್ಜೆಕ್ಟ್ಸ್.ಇನ್ವ್ ಹಿಂದಿನ ಅಕಾರಾದಿ ಪಟ್ಟಿ. ಹೆಸರು ಗೊತ್ತಿದ್ದರೆ ಅಕಾರಾದಿ ಬೇಕು. 'ಒಂದೇ ಹೊತ್ತಿಗೆ ಎರಡು ಕೆಲಸ ನಡೆಸುವುದು ಹೇಗೆ' ಅನ್ನುವಂಥ ಪ್ರಶ್ನೆಗೆ ಅಕಾರಾದಿ ಪಟ್ಟಿ ಕೈ ಕೊಡುತ್ತದೆ, ಅಲ್ಲಿ ಹುಡುಕಲು ಹೆಸರೇ ಇಲ್ಲವಲ್ಲ. ಆಗ ಪರಿವಿಡಿ ನೋಡಬೇಕು. ಪರಿವಿಡಿಯನ್ನು ಮನುಷ್ಯರು ಕೂತು ಬರೆಯಬೇಕು, ಬರೆದ ಮೇಲೆ ಮರೆಯುವುದೂ ಇದೆ. ಇನ್ವೆಂಟರಿ ಹಾಗಲ್ಲ. ಕೈಪಿಡಿ ಕಟ್ಟಿದಾಗೆಲ್ಲ ತಾನಾಗಿ ಹುಟ್ಟುತ್ತದೆ, ಹಾಗಾಗಿ ಪುಟಕ್ಕೂ ಪಟ್ಟಿಗೂ ಹೊಂದಾಣಿಕೆ ತಪ್ಪುವುದಿಲ್ಲ. ನಾನು ಮೊದಲ ಆಯ್ಕೆಯಾಗಿ ಇನ್ವೆಂಟರಿಯನ್ನೇ ಹಿಡಿಯುತ್ತೇನೆ.

ಕನ್ನಡದಲ್ಲಿ ಕೇಳಿದರೆ, ಕನ್ನಡದಲ್ಲಿ ಬರೆದರೆ

'ಪಟ್ಟಿಯಲ್ಲಿರೋ ಪದಗಳನ್ನ ನಡುವೆ ಅಲ್ಪವಿರಾಮ ಹಾಕಿ ಒಟ್ಟು ಸೇರಿಸೋದು ಹೇಗೆ' ಅಂತ ಒಬ್ಬರು ಕನ್ನಡದಲ್ಲಿ ಕೇಳಿದರು ಅಂದುಕೊಳ್ಳಿ. ಈ ಮಾತಿನಿಂದ ಎಸ್‌ಟಿಆರ್.ಜಾಯಿನ್ ಅನ್ನುವ ಹೆಸರಿಗೆ ಬರುವುದು ಮಾದರಿಯ ಕೆಲಸ. ಅದರಲ್ಲಿ ಅದು ಗಟ್ಟಿ. ಆ ಹೆಸರಿನಿಂದ ವಿಳಾಸಕ್ಕೆ ಹೋಗುವುದು ಪಟ್ಟಿಯ ಕೆಲಸ. ಟೂಲ್‌ಗೆ ಕನ್ನಡ ಬರಬೇಕಾಗಿಲ್ಲ. ಕೆಲಸ ಹೀಗೆ ಹಂಚಿಕೊಂಡಾಗ ಕನ್ನಡದಲ್ಲಿ ಕಲಿಯುವವರಿಗೂ ಇಂಗ್ಲಿಷ್‌ನಲ್ಲಿ ಕೇಳುವವರಷ್ಟೇ ಸರಿಯಾದ ಲಿಂಕ್ ಸಿಗುತ್ತದೆ.

ಕೈಪಿಡಿಯೇ ಕನ್ನಡದಲ್ಲಿ ಇದ್ದರೆ ಬೇರೆ ತೊಡಕು. ನಾವು ಹೊಸಬರ ಗೈಡ್‌ನ ಕೆಲವು ಭಾಗವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ಎದುರಾದದ್ದು ಇದು. ಸ್ಫಿಂಕ್ಸ್ ಶೀರ್ಷಿಕೆಯಿಂದಲೇ ಆಂಕರ್ ಹೆಸರು ಮಾಡುತ್ತದೆ. ಇಂಗ್ಲಿಷ್ ಶೀರ್ಷಿಕೆ ಆದರೆ ಅದೇ ಪದಗಳು ಆಂಕರ್ ಆಗುತ್ತವೆ. ಕನ್ನಡ ಶೀರ್ಷಿಕೆ ಬರೆದರೆ, ರೋಮನ್ ಅಲ್ಲದ ಅಕ್ಷರಗಳನ್ನೆಲ್ಲ ಅದು ಉದುರಿಸಿಬಿಡುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲ. ಆಗ 'ಐಡಿ1', 'ಐಡಿ2' ಅಂತ ಅಂಕೆ ಹಾಕುತ್ತಾ ಹೋಗುತ್ತದೆ. ಕೆಲಸ ನಡೆಯುತ್ತದೆ, ಯಾರಾದರೂ ನಡುವೆ ಒಂದು ಹೊಸ ಭಾಗ ಸೇರಿಸುವವರೆಗೆ. ಆಗ ಕೆಳಗಿನ ಎಲ್ಲದರ ಅಂಕೆಯೂ ಒಂದೊಂದು ಮುಂದಕ್ಕೆ ಸರಿಯುತ್ತದೆ. ನಿನ್ನೆ 'ಐಡಿ4'ಕ್ಕೆ ಕೊಟ್ಟ ಲಿಂಕ್ ಇವತ್ತು ಬೇರೆ ಪಾಠಕ್ಕೆ ಹೋಗುತ್ತದೆ. ಆಂಕರ್ ಪುಟದಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಇದೆಯಾ ಅಂತ ನೋಡುವ ಪರೀಕ್ಷೆಯಲ್ಲೂ ಸಿಕ್ಕಿ ಬೀಳುವುದಿಲ್ಲ.

ಕನ್ನಡ ಅಕ್ಷರಗಳನ್ನೇ ವಿಳಾಸದಲ್ಲಿ ಇಡುವ ತಾಣಗಳೂ ಇವೆ, ಕನ್ನಡ ವಿಕಿಪೀಡಿಯ ಹಾಗೇ ಮಾಡುತ್ತದೆ. ಓದಲು ಚೆಂದ. ಆದರೆ ಅದನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಒಂದು 'ಕ' ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. 'ಕನ್ನಡ' ಅನ್ನುವ ಮೂರಕ್ಷರದ ಪದ ಯುನಿಕೋಡ್ ಲೆಕ್ಕದಲ್ಲಿ ಐದು ಸಂಕೇತ, ಲಿಂಕ್‌ನಲ್ಲಿ ನಲವತ್ತೈದು ಚಿಹ್ನೆ. ಇಷ್ಟುದ್ದದ ಸರವನ್ನು ಮಾದರಿ ನೆನಪಿನಿಂದ ಬರೆಯಲು ಹೋದರೆ ಎಲ್ಲೋ ಒಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. ಪಟ್ಟಿಯಿಂದ ಎತ್ತಿ ಕೊಡುವ ಟೂಲ್‌ಗೆ ಈ ಕಷ್ಟ ಇಲ್ಲ.

ನಮ್ಮ ಗೈಡ್‌ಗೆ ಪರಿಹಾರ ಸುಲಭವಾಗಿಯೇ ಸಿಕ್ಕಿತು. ಪ್ರತಿ ಕನ್ನಡ ಶೀರ್ಷಿಕೆಯ ಮೇಲೆ ಒಂದು ಸಾಲಿನಲ್ಲಿ ಲೇಬಲ್ ಬರೆಯಬೇಕು, ಅದು ಮಾತ್ರ ರೋಮನ್ ಅಕ್ಷರದಲ್ಲಿ. ಲೇಬಲ್ ಕೂಡ ಕನ್ನಡದಲ್ಲೇ ಬರೆದರೆ ಅದೂ ಉದುರಿ ಮತ್ತೆ 'ಐಡಿ1' ಆಗುತ್ತದೆ, ನಾವು ಮಾಡಿ ನೋಡಿದ್ದೇವೆ. ರೋಮನ್‌ನಲ್ಲಿ ಬರೆದ ಲೇಬಲ್ ಇನ್ವೆಂಟರಿಯ ಮೊದಲ ಜಾಗದಲ್ಲಿ ಕೂರುತ್ತದೆ. ಹೊಸ ಭಾಗ ಎಷ್ಟು ಸೇರಿಸಿದರೂ ಅಲುಗುವುದಿಲ್ಲ. ಇನ್ನು ಆ ಐದನೇ ಜಾಗ, ಪೈಥಾನ್‌ನ ಸಾಲಿನಲ್ಲಿ ಬರೀ ಒಂದು ಗೆರೆ ಇದ್ದದ್ದು ನೆನಪಿದೆಯಲ್ಲ? ಅಲ್ಲಿ ಕನ್ನಡ ಶೀರ್ಷಿಕೆ ಇದ್ದ ಹಾಗೇ, ಒಂದು ಒತ್ತಕ್ಷರವೂ ಕೆಡದೆ ಬಂದು ಕೂರುತ್ತದೆ. ನಮ್ಮ ಟೂಲ್ ಮೊದಲು ಹೆಸರಿನ ಜಾಗದಲ್ಲಿ ಮಾತ್ರ ಹುಡುಕುತ್ತಿತ್ತು. ಈಗ ಐದನೇ ಜಾಗದಲ್ಲೂ ಹುಡುಕುವ ಹಾಗೆ ಮಾಡಿದ್ದೇವೆ. ಮೊನ್ನೆ ಅದೇ ಹುಡುಗಿ 'ಮೊದಲ ಪ್ರೋಗ್ರಾಂ ಓಡಿಸುವುದು' ಅಂತ ಕನ್ನಡದಲ್ಲಿ ಟೈಪ್ ಮಾಡಿದಳು. ಏಜೆಂಟ್ ಒಂದೇ ಒಂದು ಲಿಂಕ್ ಕೊಟ್ಟಿತು. ಒತ್ತಿದಳು, ಪುಟ ತೆರೆದು ಜಾರಿ ಆ ಶೀರ್ಷಿಕೆಯ ಮೇಲೆಯೇ ಬಂದು ನಿಂತಿತು.